ಮುಚ್ಚಿದ ಕಡತಗಳನ್ನು ತೆರೆದವರು

(ಅಂತಿಮ ಬಿ.ಎ., ಇತಿಹಾಸ ವಿಭಾಗ)

ಪೀಠಿಕೆ

ಕೊಲೆಯ ವಿಷಯವನ್ನು ಆಸಕ್ತಿಯಿಂದ ಓದುವವನನ್ನು ಜನ ಸ್ವಲ್ಪ ಸಂಶಯದಿಂದಲೇ ನೋಡುತ್ತಾರೆ. "ಓದಲು ಬೇರೆ ಏನೂ ಸಿಗಲಿಲ್ಲವೇ?" ಎಂದು ಮನೆಯಲ್ಲಿ ಹಿರಿಯರು ಕೇಳುತ್ತಾರೆ, ವಿದ್ಯಾರ್ಥಿನಿಲಯದಲ್ಲಿ ಗೆಳೆಯರು ಹಾಸ್ಯ ಮಾಡುತ್ತಾರೆ. ಆದರೆ ಈ ಆಸಕ್ತಿ ಕನ್ನಡಿಗರಿಗೆ ಹೊಸದೇನೂ ಅಲ್ಲ. ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳನ್ನು ಕೈಯಿಂದ ಕೈಗೆ ದಾಟಿಸಿಕೊಂಡು ಓದಿದ ತಲೆಮಾರೊಂದು ನಮ್ಮಲ್ಲಿತ್ತು. ಅನೇಕರಿಗೆ ಓದಿನ ರುಚಿ ಹತ್ತಿದ್ದೇ ಆ ಪುಸ್ತಕಗಳಿಂದ ಎಂಬುದನ್ನು ನಮ್ಮ ಗುರುಗಳ ಬಾಯಲ್ಲೇ ಕೇಳಿದ್ದೇನೆ.

ಕಾದಂಬರಿಯಲ್ಲಿ ಕೊಲೆಗಾರನು ಕಡೆಯ ಪುಟಕ್ಕೆ ಮುಂಚೆ ಸಿಕ್ಕಿಬೀಳಲೇಬೇಕು. ಇಲ್ಲವಾದರೆ ಓದುಗನು ಕೊಟ್ಟ ಹಣಕ್ಕೆ ಮೋಸವಾಯಿತೆಂದು ತಿಳಿಯುತ್ತಾನೆ. ಲೋಕವ್ಯವಹಾರದಲ್ಲಿ ಅಂತಹ ಕರಾರು ಯಾವುದೂ ಇಲ್ಲ. ಕೊಲೆ ನಡೆಯುತ್ತದೆ, ಕೆಲವು ದಿನ ಗದ್ದಲವಾಗುತ್ತದೆ, ಸಾಕ್ಷಿಗಳು ಹಿಂಜರಿಯುತ್ತಾರೆ, ಕಡತಕ್ಕೆ ದಾರ ಕಟ್ಟಿ ಬೀರುವಿನಲ್ಲಿಡುತ್ತಾರೆ. ಸತ್ತವನ ಮನೆಯವರ ಹೊರತು ಉಳಿದವರೆಲ್ಲರೂ ಮರೆಯುತ್ತಾರೆ. ಹೀಗೆ ಮುಚ್ಚಿಹೋದ ಕಡತವನ್ನು ಇಪ್ಪತ್ತು, ಮೂವತ್ತು ವರ್ಷಗಳ ತರುವಾಯ ಮತ್ತೊಬ್ಬನು ಬಂದು ಬಿಚ್ಚುವುದುಂಟು. ನನ್ನ ಕುತೂಹಲವೆಲ್ಲವೂ ಆ ಮತ್ತೊಬ್ಬನನ್ನು ಕುರಿತದ್ದು. ಹೊಸದಾಗಿ ನಡೆದಾಗಲೇ ಬಗೆಹರಿಯದ ಮೊಕದ್ದಮೆಯನ್ನು ಅಷ್ಟು ಕಾಲದ ಮೇಲೆ ಅವನು ಹೇಗೆ ಬಗೆಹರಿಸುತ್ತಾನೆ? ಮೊದಲಿನವರಿಗಿಂತ ಅವನು ಹೆಚ್ಚು ಬುದ್ಧಿವಂತನೇ? ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಕೆಲವು ಪ್ರಸಿದ್ಧ ಪ್ರಕರಣಗಳನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ಕಡತ ಮುಚ್ಚುವುದೆಂದರೇನು?

ಮೊದಲು ನಮ್ಮ ಕಾನೂನು ಏನು ಹೇಳುತ್ತದೆಂಬುದನ್ನು ತಿಳಿಯೋಣ. ಅಪರಾಧ ನಡೆದದ್ದು ನಿಜ, ಆದರೆ ಅಪರಾಧಿ ಪತ್ತೆಯಾಗಲಿಲ್ಲ ಎಂದಾದಾಗ ನಮ್ಮ ರಾಜ್ಯದ ಪೊಲೀಸರು ನ್ಯಾಯಾಲಯಕ್ಕೆ 'ಸಿ ರಿಪೋರ್ಟ್' ಸಲ್ಲಿಸುತ್ತಾರೆ. ಸಾಮಾನ್ಯ ಜನರು ಇದನ್ನು ಕೇಸು ಮುಗಿದುಹೋಯಿತೆಂದು ಅರ್ಥಮಾಡಿಕೊಳ್ಳುತ್ತಾರೆ. ಕಾನೂನಿನ ಅರ್ಥ ಹಾಗಿಲ್ಲ. 1973ರ ದಂಡ ಪ್ರಕ್ರಿಯಾ ಸಂಹಿತೆಯ 173(8)ನೆಯ ಪ್ರಕರಣದ ಮೇರೆಗೆ, ಅಂತಿಮ ವರದಿ ಸಲ್ಲಿಸಿದ ಮೇಲೂ ಹೊಸ ಸಾಕ್ಷ್ಯ ದೊರೆತರೆ ಪೊಲೀಸರು ಮುಂದಿನ ತನಿಖೆ ನಡೆಸಬಹುದಾಗಿತ್ತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 193(9)ನೆಯ ಪ್ರಕರಣವೂ ಇದನ್ನೇ ಉಳಿಸಿಕೊಂಡಿದೆ. ಸಣ್ಣ ಅಪರಾಧಗಳಿಗೆ ಮೊಕದ್ದಮೆ ಹೂಡಲು ಕಾಲಮಿತಿ ಉಂಟು, ಕೊಲೆಗೆ ಇಲ್ಲ. ನಲವತ್ತು ವರ್ಷ ಕಳೆದರೂ ಕೊಲೆಗಾರನು ನ್ಯಾಯಾಲಯಕ್ಕೆ ಉತ್ತರ ಹೇಳಬೇಕಾದವನೇ.

ಆದರೆ ಇದಕ್ಕೆ ಒಂದು ಎಲ್ಲೆಯೂ ಇದೆ. ಒಮ್ಮೆ ವಿಚಾರಣೆಯಾಗಿ ಶಿಕ್ಷೆ ಅನುಭವಿಸಿದವನನ್ನು ಅದೇ ಅಪರಾಧಕ್ಕೆ ಮತ್ತೊಮ್ಮೆ ಶಿಕ್ಷಿಸಕೂಡದೆಂದು ಸಂವಿಧಾನದ 20(2)ನೆಯ ಅನುಚ್ಛೇದ ಹೇಳುತ್ತದೆ. ಬಿಡುಗಡೆ ಹೊಂದಿದವನಿಗೂ ದಂಡ ಪ್ರಕ್ರಿಯೆಯ ಕಾನೂನಿನಲ್ಲಿ ಇಂತಹುದೇ ರಕ್ಷಣೆ ಇದೆ. ಇದು ಒಳ್ಳೆಯ ನಿಯಮ. ಇಲ್ಲದಿದ್ದರೆ ಅಧಿಕಾರದಲ್ಲಿರುವವರು ತಮಗಾಗದವನನ್ನು ಜೀವಮಾನವೆಲ್ಲಾ ಕಟಕಟೆಗೆ ಎಳೆಯುತ್ತಿರಬಹುದಾಗಿತ್ತು. ಮುಂದೆ ಹೇಳುವ ಮೊದಲನೆಯ ಪ್ರಕರಣದಲ್ಲಿ ಈ ನಿಯಮದ ಮಹತ್ವ ಚೆನ್ನಾಗಿ ಕಾಣುತ್ತದೆ.

ಜಾಕ್ಸನ್ ಪಟ್ಟಣದ ಕೊಲೆ

ಅಮೆರಿಕದ ಮಿಸಿಸಿಪಿ ರಾಜ್ಯದ ರಾಜಧಾನಿ ಜಾಕ್ಸನ್. ಅಲ್ಲಿ ಕಪ್ಪು ಜನರ ಹಕ್ಕುಗಳಿಗಾಗಿ ದುಡಿಯುತ್ತಿದ್ದ ಮೆಡ್ಗರ್ ಎವರ್ಸ್ ಅವರು ಎರಡನೆಯ ಮಹಾಯುದ್ಧದಲ್ಲಿ ತಮ್ಮ ದೇಶದ ಪರವಾಗಿ ಹೋರಾಡಿ ಬಂದವರು. ಯುದ್ಧದಿಂದ ಹಿಂತಿರುಗಿದವರಿಗೆ ಸ್ವಂತ ಊರಿನಲ್ಲಿ ಮತ ಹಾಕುವ ಸ್ವಾತಂತ್ರ್ಯವೂ ಇರಲಿಲ್ಲ. 1954ರಲ್ಲಿ ಅವರು ಕಪ್ಪು ಜನರ ರಾಷ್ಟ್ರೀಯ ಸಂಘದ ಮಿಸಿಸಿಪಿ ಶಾಖೆಯ ಕಾರ್ಯದರ್ಶಿಯಾದರು. ಮರುವರ್ಷ ಎಮ್ಮೆಟ್ ಟಿಲ್ ಎಂಬ ಹದಿನಾಲ್ಕು ವರ್ಷದ ಕಪ್ಪು ಬಾಲಕನ ಕೊಲೆಯಾದಾಗ, ಹೆದರಿ ಅಡಗಿದ್ದ ಸಾಕ್ಷಿಗಳನ್ನು ಹುಡುಕುವುದಕ್ಕಾಗಿ ಹತ್ತಿ ಹೊಲದ ಕೂಲಿಯ ವೇಷ ತೊಟ್ಟು ತಿರುಗಿದರು. ತಾವೇ ಒಬ್ಬ ತನಿಖೆಗಾರರಾಗಿದ್ದ ಅವರ ಕೊಲೆಯ ತನಿಖೆಗೆ ಮೂವತ್ತು ವರ್ಷ ಹಿಡಿಯಿತೆಂಬುದು ವಿಧಿಯ ವೈಚಿತ್ರ್ಯ.

1963ರ ಜೂನ್ 11ರ ರಾತ್ರಿ ಅಧ್ಯಕ್ಷ ಕೆನಡಿಯವರು ನಾಗರಿಕ ಹಕ್ಕುಗಳನ್ನು ಕುರಿತು ದೇಶವನ್ನುದ್ದೇಶಿಸಿ ಮಾತನಾಡಿದರು. ಅಂದು ಮಧ್ಯರಾತ್ರಿ ಕಳೆದ ಸ್ವಲ್ಪ ಹೊತ್ತಿಗೆ ಎವರ್ಸ್ ಅವರು ಮನೆಯ ಮುಂದೆ ಕಾರಿನಿಂದಿಳಿದಾಗ ಹಿಂದಿನಿಂದ ಬಂದ ಒಂದು ಗುಂಡು ಅವರನ್ನು ಕೆಡವಿತು. ಮಡದಿ ಮರ್ಲಿ ಎವರ್ಸ್ ಮತ್ತು ಮೂವರು ಮಕ್ಕಳು ಮನೆಯೊಳಗಿದ್ದರು. ಹತ್ತಿರದ ಪೊದೆಯಲ್ಲಿ ದೂರದರ್ಶಕ ಜೋಡಿಸಿದ್ದ ಒಂದು ಹಳೆಯ ಎನ್‌ಫೀಲ್ಡ್ ರೈಫಲ್ ಸಿಕ್ಕಿತು. ಆ ದೂರದರ್ಶಕದ ಮೇಲಿದ್ದ ಬೆರಳಚ್ಚು ಗ್ರೀನ್‌ವುಡ್ ಊರಿನ ಗೊಬ್ಬರದ ವ್ಯಾಪಾರಿ ಬೈರನ್ ಡಿ ಲಾ ಬೆಕ್‌ವಿತ್ ಎಂಬುವನದಾಗಿತ್ತು. ಇಷ್ಟು ಸ್ಪಷ್ಟವಾದ ಸಾಕ್ಷ್ಯವಿದ್ದ ಮೇಲೆ ಪತ್ತೇದಾರನಿಗೆ ಏನು ಕೆಲಸ ಉಳಿಯಿತೆಂದು ಓದುಗರು ಕೇಳಬಹುದು. ಕೊಲೆಗಾರನು ಯಾರೆಂದು ಊರಿಗೆ ಗೊತ್ತಿರುವುದು ಬೇರೆ, ನ್ಯಾಯಾಲಯವು ಹಾಗೆಂದು ಹೇಳುವುದು ಬೇರೆ.

1964ರಲ್ಲಿ ಎರಡು ಬಾರಿ ವಿಚಾರಣೆ ನಡೆಯಿತು. ಎರಡು ಬಾರಿಯೂ ಜೂರಿಯಲ್ಲಿ ಇದ್ದ ಹನ್ನೆರಡು ಮಂದಿಯೂ ಬಿಳಿಯ ಗಂಡಸರೇ. ಕೊಲೆಯ ಹೊತ್ತಿಗೆ ಆರೋಪಿಯು ಸುಮಾರು 90 ಮೈಲಿ ದೂರದ ಗ್ರೀನ್‌ವುಡ್‌ನಲ್ಲಿದ್ದನೆಂದು ಅಲ್ಲಿನ ಪೊಲೀಸಿನವರೇ ಸಾಕ್ಷಿ ನುಡಿದರು. ರಾಜ್ಯದ ಮಾಜಿ ಗವರ್ನರ್ ರಾಸ್ ಬಾರ್ನೆಟ್ ಅವರು ನ್ಯಾಯಾಲಯಕ್ಕೇ ಬಂದು ಆರೋಪಿಯ ಕೈಕುಲುಕಿದರು. ಜೂರಿಯವರೆಲ್ಲರೂ ಒಮ್ಮತಕ್ಕೆ ಬರದಿದ್ದರೆ ತೀರ್ಪು ಆಗುವಂತಿಲ್ಲ. ಎರಡು ಬಾರಿಯೂ ಒಮ್ಮತ ಬರಲಿಲ್ಲ. 1969ರಲ್ಲಿ ಸರ್ಕಾರ ಆರೋಪವನ್ನು ಕೈಬಿಟ್ಟಿತು. ಬೆಕ್‌ವಿತ್ ಮನೆಗೆ ಹೋದನು. ಆದರೆ ಗಮನಿಸಬೇಕಾದ ಸಂಗತಿಯೊಂದಿದೆ: ಅವನನ್ನು ನಿರ್ದೋಷಿಯೆಂದು ಯಾರೂ ತೀರ್ಪು ಕೊಟ್ಟಿರಲಿಲ್ಲ. ಆದಕಾರಣ ಬಾಗಿಲು ಮುಚ್ಚಿತ್ತೇ ಹೊರತು ಅದಕ್ಕೆ ಬೀಗ ಬಿದ್ದಿರಲಿಲ್ಲ.

ಇಪ್ಪತ್ತು ವರ್ಷ ಕಳೆಯಿತು. 1989ರಲ್ಲಿ ಜಾಕ್ಸನ್‌ನ 'ಕ್ಲ್ಯಾರಿಯನ್-ಲೆಡ್ಜರ್' ಪತ್ರಿಕೆಯ ವರದಿಗಾರ ಜೆರಿ ಮಿಚೆಲ್ ಅವರು ಒಂದು ಸುದ್ದಿಯನ್ನು ಹೊರಗೆಡವಿದರು. ಜನಾಂಗಭೇದದ ವ್ಯವಸ್ಥೆಯನ್ನು ಕಾಯಲು ಮಿಸಿಸಿಪಿ ಸರ್ಕಾರ 1956ರಲ್ಲಿ ಸ್ಥಾಪಿಸಿದ್ದ ಗೂಢಚಾರ ಮಂಡಳಿಯೊಂದಿತ್ತು. 1977ರಲ್ಲಿ ಅದನ್ನು ರದ್ದುಮಾಡಿ, ಅದರ ಕಾಗದಪತ್ರಗಳನ್ನು ಐವತ್ತು ವರ್ಷ ಯಾರೂ ನೋಡಬಾರದೆಂದು ಮುದ್ರೆ ಒತ್ತಿದ್ದರು. ಈ ಮಂಡಳಿಯು 1964ರಲ್ಲಿ ಜೂರಿಗಳಾಗಬಹುದಾದವರ ಪೂರ್ವೋತ್ತರಗಳನ್ನು ವಿಚಾರಿಸಿ ಆರೋಪಿಯ ವಕೀಲರಿಗೆ ಗುಟ್ಟಾಗಿ ತಿಳಿಸಿತ್ತೆಂಬುದೇ ಮಿಚೆಲ್ ಅವರು ಪ್ರಕಟಿಸಿದ ಸುದ್ದಿ. ಒಂದು ಕೈಯಿಂದ ಮೊಕದ್ದಮೆ ನಡೆಸುತ್ತಿದ್ದ ಸರ್ಕಾರ ಇನ್ನೊಂದು ಕೈಯಿಂದ ಆರೋಪಿಗೆ ನೆರವಾಗಿತ್ತು! ಇದನ್ನು ತಿಳಿದೊಡನೆ ಮರ್ಲಿ ಎವರ್ಸ್ ಅವರು ಪ್ರಕರಣವನ್ನು ಮತ್ತೆ ತೆರೆಯಬೇಕೆಂದು ಒತ್ತಾಯಿಸಿದರು. ಆ ಹೊಣೆ ಬಾಬಿ ಡಿಲಾಟರ್ ಎಂಬ ಬಿಳಿಯ ಸರ್ಕಾರಿ ವಕೀಲರ ಪಾಲಿಗೆ ಬಂದಿತು.

ಡಿಲಾಟರ್ ಅವರಿಗೆ ಮೊದಲು ಸಿಕ್ಕಿದ್ದು ಬರಿಯ ಶೂನ್ಯ. ಕೊಲೆಯ ರೈಫಲ್ ಇರಬೇಕಾದ ಕಡೆ ಇರಲಿಲ್ಲ. 1964ರ ವಿಚಾರಣೆಯ ನಡವಳಿ ನ್ಯಾಯಾಲಯದಲ್ಲಿ ಇರಲಿಲ್ಲ. ಸಾಕ್ಷಿಗಳಲ್ಲಿ ಅನೇಕರು ತೀರಿಕೊಂಡಿದ್ದರು. ಮುಂದೆ ಒಂದೊಂದೇ ವಸ್ತು ಪತ್ತೆಯಾದ ರೀತಿ ಯಾವ ಕಾದಂಬರಿಗೂ ಕಡಿಮೆಯಲ್ಲ. ರೈಫಲ್ ಸಿಕ್ಕಿದ್ದು ಡಿಲಾಟರ್ ಅವರ ಮಾವನವರ ಮನೆಯಲ್ಲಿ! ನ್ಯಾಯಾಧೀಶರಾಗಿದ್ದ ಆ ದಿವಂಗತರು ಅದನ್ನು ಹಳೆಯ ನೆನಪಿನ ವಸ್ತುವೆಂಬಂತೆ ಮನೆಗೆ ಒಯ್ದಿಟ್ಟಿದ್ದರು. ವಿಚಾರಣೆಯ ನಡವಳಿಯ ಪ್ರತಿ ದೊರೆತದ್ದು ಮರ್ಲಿ ಎವರ್ಸ್ ಅವರ ಬಳಿ. ಗಂಡನನ್ನು ಕಳೆದುಕೊಂಡು, ಮೂರು ಮಕ್ಕಳನ್ನು ಕರೆದುಕೊಂಡು ದೂರದ ಕ್ಯಾಲಿಫೋರ್ನಿಯಕ್ಕೆ ಹೋಗಿ ಬಾಳು ಕಟ್ಟಿಕೊಂಡ ಆ ತಾಯಿ, ನ್ಯಾಯಾಲಯ ಕಳೆದುಕೊಂಡ ಕಾಗದವನ್ನು ತಾವು ಕಳೆದುಕೊಂಡಿರಲಿಲ್ಲ. ಆ ಪ್ರತಿಯಿಲ್ಲದಿದ್ದರೆ ಸತ್ತ ಸಾಕ್ಷಿಗಳ ಹೇಳಿಕೆಗಳನ್ನು ಹೊಸ ಜೂರಿಯ ಮುಂದೆ ಓದಿಸುವುದು ಸಾಧ್ಯವಾಗುತ್ತಿರಲಿಲ್ಲ.

1991ರಲ್ಲಿ ಎವರ್ಸ್ ಅವರ ದೇಹವನ್ನು ಆರ್ಲಿಂಗ್ಟನ್ ರಾಷ್ಟ್ರೀಯ ಸ್ಮಶಾನದಿಂದ ಹೊರತೆಗೆದು ಮತ್ತೆ ಶವಪರೀಕ್ಷೆ ನಡೆಸಿದರು. ಇಪ್ಪತ್ತೆಂಟು ವರ್ಷಗಳ ಮೇಲೂ ದೇಹ ಆಶ್ಚರ್ಯಕರವಾಗಿ ಕೆಡದೆ ಉಳಿದಿತ್ತು. ತಂದೆ ಸತ್ತಾಗ ಮೂರು ವರ್ಷದ ಕೂಸಾಗಿದ್ದ ಕಿರಿಯ ಮಗನು, ಬೆಳೆದು ದೊಡ್ಡವನಾದ ಮೇಲೆ, ಅಂದು ತಂದೆಯ ಮುಖವನ್ನು ನೋಡಿದನು. ಇತ್ತ ಹೊಸ ಸಾಕ್ಷಿಗಳೂ ಬಂದರು. ತಾನು ಗೆದ್ದೆನೆಂಬ ಗರ್ವದಿಂದ ಬೆಕ್‌ವಿತ್ ಈ ಕೊಲೆಯನ್ನು ಹಲವರ ಮುಂದೆ ಕೊಚ್ಚಿಕೊಂಡಿದ್ದನು. ಆಗ ಭಯದಿಂದ ಸುಮ್ಮನಿದ್ದವರು ಈಗ ಬಂದು ಹೇಳಿದರು. ಎಂಟು ಮಂದಿ ಕಪ್ಪು ಜನರೂ ನಾಲ್ಕು ಮಂದಿ ಬಿಳಿಯರೂ ಇದ್ದ ಜೂರಿ 1994ರ ಫೆಬ್ರವರಿ 5ರಂದು ಅವನನ್ನು ಅಪರಾಧಿಯೆಂದು ಸಾರಿತು. ಅವನಿಗೆ ಆಗ ಎಪ್ಪತ್ತಮೂರು ವಯಸ್ಸು. ಜೀವಾವಧಿ ಶಿಕ್ಷೆ ಅನುಭವಿಸುತ್ತಲೇ 2001ರಲ್ಲಿ ಸತ್ತನು.

ಈ ಪ್ರಕರಣದಲ್ಲಿ ಹೊಸದಾಗಿ ಕಂಡುಹಿಡಿದದ್ದೇನು? ಬೆರಳಚ್ಚು 1963ರದೇ, ರೈಫಲ್ 1963ರದೇ, ನಡವಳಿ 1964ರದು. ಬದಲಾದದ್ದು ಕಾಲ, ಅದರೊಡನೆ ಜೂರಿ. ಆದರೆ ಕಾಲ ಬದಲಾಗುವ ತನಕ ಆ ವಸ್ತುಗಳು ಹೇಗೋ ಉಳಿದಿದ್ದವು ಎಂಬುದೇ ಮುಖ್ಯ.

ಇಬ್ಬರು ಕಾನೂನು ವಿದ್ಯಾರ್ಥಿಗಳು

ಅದೇ 1963ರ ಸೆಪ್ಟೆಂಬರ್ 15, ಭಾನುವಾರ. ನೆರೆಯ ಅಲಬಾಮ ರಾಜ್ಯದ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಕಪ್ಪು ಜನರ ಚರ್ಚೊಂದರಲ್ಲಿ ಬಾಂಬು ಸಿಡಿದು ನಾಲ್ವರು ಹುಡುಗಿಯರು ಸತ್ತರು. ಮೂವರಿಗೆ ಹದಿನಾಲ್ಕು ವರ್ಷ, ಒಬ್ಬಳಿಗೆ ಹನ್ನೊಂದು. ಕೇಂದ್ರದ ತನಿಖಾ ಸಂಸ್ಥೆಯಾದ ಎಫ್.ಬಿ.ಐ.ಗೆ ಶಂಕಿತರ ಹೆಸರುಗಳು ಬೇಗನೆ ತಿಳಿದಿದ್ದರೂ 1968ರಲ್ಲಿ ಯಾರ ಮೇಲೂ ಆರೋಪ ಹೊರಿಸದೆ ಕಡತವನ್ನು ಮುಚ್ಚಿತು.

ಆ ಬಾಂಬು ಸಿಡಿದಾಗ ಬಿಲ್ ಬ್ಯಾಕ್ಸ್‌ಲಿ ಎಂಬ ತರುಣರು ಅಲಬಾಮ ವಿಶ್ವವಿದ್ಯಾನಿಲಯದಲ್ಲಿ ಕಾನೂನು ಓದುತ್ತಿದ್ದರು. 1971ರಲ್ಲಿ, ಇನ್ನೂ ಮೂವತ್ತು ತುಂಬುವ ಮೊದಲೇ, ಅವರು ರಾಜ್ಯದ ಅಟಾರ್ನಿ ಜನರಲ್ ಆಗಿ ಅಧಿಕಾರ ವಹಿಸಿಕೊಂಡರು. ಸರ್ಕಾರ ತಮಗೆ ಕೊಟ್ಟಿದ್ದ ದೂರವಾಣಿ ಕಾರ್ಡಿನ ನಾಲ್ಕು ಮೂಲೆಗಳಲ್ಲಿ ಆ ನಾಲ್ಕು ಹುಡುಗಿಯರ ಹೆಸರುಗಳನ್ನು ಬರೆದಿಟ್ಟುಕೊಂಡರು. ಪ್ರತಿಸಲ ದೂರವಾಣಿ ಮಾಡುವಾಗಲೂ ಆ ಹೆಸರುಗಳು ಕಣ್ಣಿಗೆ ಬೀಳಲೆಂಬುದು ಅವರ ಉದ್ದೇಶ. ಎಫ್.ಬಿ.ಐ. ಕಡತಗಳನ್ನು ಪಡೆಯಲು ವರ್ಷಗಟ್ಟಲೆ ಹೆಣಗಿ, ಪಡೆದಷ್ಟರಿಂದಲೇ 1977ರಲ್ಲಿ ರಾಬರ್ಟ್ ಚಾಂಬ್ಲಿಸ್ ಎಂಬುವನಿಗೆ ಶಿಕ್ಷೆ ಮಾಡಿಸಿದರು.

ಆ ವಿಚಾರಣೆಯನ್ನು ನೋಡಲು ಒಬ್ಬ ವಿದ್ಯಾರ್ಥಿ ತನ್ನ ಕಾನೂನು ಕಾಲೇಜಿನ ತರಗತಿಗಳನ್ನು ತಪ್ಪಿಸಿ ನ್ಯಾಯಾಲಯದಲ್ಲಿ ಬಂದು ಕೂರುತ್ತಿದ್ದನು. ಅವರೇ ಡಗ್ ಜೋನ್ಸ್. (ಹಾಜರಾತಿಯ ವಿಷಯದಲ್ಲಿ ನಮ್ಮ ಅಧ್ಯಾಪಕರು ಈ ಉದಾಹರಣೆಯನ್ನು ಒಪ್ಪಲಾರರೆಂದು ಬಲ್ಲೆ!) ಇಪ್ಪತ್ತು ವರ್ಷಗಳ ಮೇಲೆ ಅದೇ ಜೋನ್ಸ್ ಅವರು ಕೇಂದ್ರ ಸರ್ಕಾರದ ವಕೀಲರಾಗಿ, ತಪ್ಪಿಸಿಕೊಂಡಿದ್ದ ಉಳಿದಿಬ್ಬರನ್ನು ನ್ಯಾಯಾಲಯಕ್ಕೆ ತಂದರು. ಥಾಮಸ್ ಬ್ಲಾಂಟನ್‌ಗೆ 2001ರಲ್ಲಿಯೂ ಬಾಬಿ ಫ್ರ್ಯಾಂಕ್ ಚೆರಿಗೆ 2002ರಲ್ಲಿಯೂ ಜೀವಾವಧಿ ಶಿಕ್ಷೆಯಾಯಿತು. ಬ್ಲಾಂಟನ್ ವಿರುದ್ಧದ ಪ್ರಬಲ ಸಾಕ್ಷ್ಯವೆಂದರೆ 1964ರಲ್ಲಿ ಎಫ್.ಬಿ.ಐ.ನವರು ಅವನ ಅಡಿಗೆಮನೆಯ ಮಾತುಗಳನ್ನು ಗುಟ್ಟಾಗಿ ಮುದ್ರಿಸಿಕೊಂಡಿದ್ದ ಧ್ವನಿಸುರುಳಿ. 1977ರಲ್ಲಿ ಬ್ಯಾಕ್ಸ್‌ಲಿಯವರಿಗೆ ಅದನ್ನು ಕೊಟ್ಟಿರಲಿಲ್ಲ. ಅಡಗಿಸಿಟ್ಟದ್ದು ಅನ್ಯಾಯವೇ ಸರಿ. ಆದರೂ ಸುಟ್ಟುಹಾಕದೆ ಉಳಿಸಿದ್ದರಲ್ಲ, ಅಷ್ಟರಿಂದ ಮೂವತ್ತೇಳು ವರ್ಷಗಳ ಮೇಲೆ ಆ ಸುರುಳಿ ಮಾತನಾಡಿತು.

ವಿಜ್ಞಾನದ ನೆರವು

ಇತ್ತೀಚೆಗೆ ಹಳೆಯ ಕೊಲೆಗಳ ಪತ್ತೆಯೆಂದರೆ ಡಿ.ಎನ್.ಎ. ಎಂದೇ ಜನ ತಿಳಿಯುತ್ತಾರೆ. 1984ರಲ್ಲಿ ಇಂಗ್ಲೆಂಡಿನ ಲೆಸ್ಟರ್ ವಿಶ್ವವಿದ್ಯಾನಿಲಯದಲ್ಲಿ ಅಲೆಕ್ ಜೆಫ್ರೀಸ್ ಅವರು, ಬೆರಳಚ್ಚಿನಂತೆಯೇ ಡಿ.ಎನ್.ಎ.ಯಿಂದಲೂ ವ್ಯಕ್ತಿಯನ್ನು ಗುರುತಿಸಬಹುದೆಂದು ಕಂಡುಕೊಂಡರು. ಈ ವಿದ್ಯೆಯನ್ನು ಕೊಲೆಯ ತನಿಖೆಗೆ ಮೊತ್ತಮೊದಲು ಬಳಸಿದಾಗ ಅದು ಮಾಡಿದ ಮೊದಲ ಕೆಲಸ ನಿರಪರಾಧಿಯೊಬ್ಬನನ್ನು ಬಿಡಿಸಿದ್ದು. ಲೆಸ್ಟರ್ ಸಮೀಪದ ಹಳ್ಳಿಗಳಲ್ಲಿ 1983 ಮತ್ತು 1986ರಲ್ಲಿ ಹದಿನೈದು ವರ್ಷದ ಇಬ್ಬರು ಹುಡುಗಿಯರ ಕೊಲೆಯಾಗಿತ್ತು. ಹದಿನೇಳು ವರ್ಷದ ಒಬ್ಬ ಹುಡುಗನು ಎರಡನೆಯ ಕೊಲೆಯನ್ನು ತಾನೇ ಮಾಡಿದೆನೆಂದು ಪೊಲೀಸರ ಮುಂದೆ ಒಪ್ಪಿಕೊಂಡಿದ್ದನು. ಪರೀಕ್ಷೆಯಿಂದ ಎರಡೂ ಕೊಲೆಗಳು ಒಬ್ಬನವೇ, ಆದರೆ ಆ ಒಬ್ಬನು ಈ ಹುಡುಗನಲ್ಲ ಎಂದು ತಿಳಿದುಬಂದಿತು. ಆಮೇಲೆ ಸುತ್ತಲಿನ ಸುಮಾರು ಐದು ಸಾವಿರ ಗಂಡಸರ ಮಾದರಿಗಳನ್ನು ಸಂಗ್ರಹಿಸಿದರು. ನಿಜವಾದ ಕೊಲೆಗಾರ ಕಾಲಿನ್ ಪಿಚ್‌ಫೋರ್ಕ್ ತನ್ನ ಹೆಸರಿನಲ್ಲಿ ಬೇರೊಬ್ಬನ ರಕ್ತ ಕೊಡಿಸಿ ತಪ್ಪಿಸಿಕೊಳ್ಳಲು ನೋಡಿ, ಆ ಸುದ್ದಿ ಹೊರಬಿದ್ದು ಸಿಕ್ಕಿಬಿದ್ದನು. 1988ರಲ್ಲಿ ಅವನಿಗೆ ಜೀವಾವಧಿ ಶಿಕ್ಷೆಯಾಯಿತು.

ವಿಜ್ಞಾನವು ಎಷ್ಟೇ ಬೆಳೆದರೂ ಅದಕ್ಕೆ ಪರೀಕ್ಷಿಸಲು ಏನಾದರೂ ಬೇಕಷ್ಟೆ. 1993ರ ಏಪ್ರಿಲ್ 22ರಂದು ಲಂಡನ್ನಿನಲ್ಲಿ ಸ್ಟೀಫನ್ ಲಾರೆನ್ಸ್ ಎಂಬ ಹದಿನೆಂಟು ವರ್ಷದ ಕಪ್ಪು ವಿದ್ಯಾರ್ಥಿಯನ್ನು ಬಿಳಿಯ ತರುಣರ ಗುಂಪೊಂದು ಇರಿದು ಕೊಂದಿತು. ಮೊದಲ ತನಿಖೆ ಎಷ್ಟು ಕೆಟ್ಟದಾಗಿತ್ತೆಂಬುದನ್ನು 1999ರ ಮ್ಯಾಕ್‌ಫರ್ಸನ್ ವರದಿ ವಿವರವಾಗಿ ಹೇಳಿದೆ. ತರುವಾಯ ಹಳೆಯ ಬಟ್ಟೆಗಳನ್ನು ಹೊಸ ಉಪಕರಣಗಳಿಂದ ಪರೀಕ್ಷಿಸಿದಾಗ ಒಬ್ಬ ಆರೋಪಿಯ ಜಾಕೆಟ್ಟಿನ ಕಾಲರಿನಲ್ಲಿ ಅರ್ಧ ಮಿಲಿಮೀಟರಿನಷ್ಟು ಉದ್ದದ ರಕ್ತದ ಕಲೆ ಕಂಡಿತು. ಅದು ಸತ್ತ ಹುಡುಗನ ರಕ್ತವೇ. ಆದರೆ 2012ರ ಜನವರಿಯಲ್ಲಿ ಮುಗಿದ ವಿಚಾರಣೆಯಲ್ಲಿ ವಾದ ನಡೆದದ್ದು ಈ ರಕ್ತ ಯಾರದೆಂಬುದರ ಮೇಲಲ್ಲ. ಬಟ್ಟೆಗಳನ್ನು ಪೊಟ್ಟಣ ಕಟ್ಟಿದಾಗ, ಇಟ್ಟಾಗ, ಸಾಗಿಸಿದಾಗ ಒಂದರ ಕಲೆ ಇನ್ನೊಂದಕ್ಕೆ ತಾಗಿರಬಹುದೇ ಎಂಬುದರ ಮೇಲೆ. ಹತ್ತೊಂಬತ್ತು ವರ್ಷಗಳ ಹಿಂದೆ ಒಬ್ಬ ಸಾಮಾನ್ಯ ನೌಕರನು ಪೊಟ್ಟಣವನ್ನು ಹೇಗೆ ಕಟ್ಟಿದನೆಂಬ ಪ್ರಶ್ನೆಯ ಮೇಲೆ ಕೊಲೆಯ ಮೊಕದ್ದಮೆಯೊಂದು ನಿಂತಿತ್ತು. ಜೂರಿ ಆ ಪುರಾವೆಯನ್ನು ಒಪ್ಪಿ ಇಬ್ಬರನ್ನು ಅಪರಾಧಿಗಳೆಂದು ತೀರ್ಮಾನಿಸಿತು.

ನೆರೆಯ ಕೊಟ್ಟಾಯಂನಲ್ಲಿ

ಇವೆಲ್ಲ ಪರದೇಶದ ಮಾತಾಯಿತು. ನಮ್ಮ ನೆರೆಯ ಕೇರಳದ ಉದಾಹರಣೆಯೊಂದನ್ನು ನೋಡೋಣ. 1992ರ ಮಾರ್ಚ್ 27ರಂದು ಕೊಟ್ಟಾಯಂ ನಗರದ ಕಾನ್ವೆಂಟೊಂದರ ಬಾವಿಯಲ್ಲಿ ಸಿಸ್ಟರ್ ಅಭಯಾ ಎಂಬ ಎಳೆಯ ಸನ್ಯಾಸಿನಿಯ ಶವ ಸಿಕ್ಕಿತು. ಅವರು ಕಾಲೇಜು ವಿದ್ಯಾರ್ಥಿನಿ. ಪರೀಕ್ಷೆಗೆ ಓದಲು ನಸುಕಿನಲ್ಲೇ ಎದ್ದಿದ್ದರು. ಸ್ಥಳೀಯ ಪೊಲೀಸರೂ ಅವರ ತರುವಾಯ ಕ್ರೈಂ ಬ್ರಾಂಚಿನವರೂ ಇದನ್ನು ಆತ್ಮಹತ್ಯೆ ಎಂದು ಮುಗಿಸಿದರು. 1993ರಲ್ಲಿ ಸಿ.ಬಿ.ಐ. ತನಿಖೆಗೆ ಇಳಿಯಿತು. ಅದೂ ಮತ್ತೆ ಮತ್ತೆ ಮುಕ್ತಾಯ ವರದಿ ಸಲ್ಲಿಸಿತು. ನ್ಯಾಯಾಲಯ ಮತ್ತೆ ಮತ್ತೆ ಅದನ್ನು ಒಪ್ಪದೆ ಹಿಂದಕ್ಕೆ ಕಳುಹಿಸಿತು. ಜೋಮೋನ್ ಪುತ್ತನ್‌ಪುರಕ್ಕಲ್ ಎಂಬ ಸಾಮಾಜಿಕ ಕಾರ್ಯಕರ್ತರು ವರ್ಷಗಳುದ್ದಕ್ಕೂ ಈ ವಿಷಯವನ್ನು ಕೈಬಿಡಲಿಲ್ಲ. ಕಡೆಗೆ 2008ರಲ್ಲಿ ಸಿ.ಬಿ.ಐ.ನ ಹೊಸ ತಂಡ ಇಬ್ಬರು ಪಾದ್ರಿಗಳನ್ನೂ ಒಬ್ಬ ಸನ್ಯಾಸಿನಿಯನ್ನೂ ಬಂಧಿಸಿತು.

ಈ ಪ್ರಕರಣದಲ್ಲಿ ಉಳಿಯಬೇಕಾದದ್ದು ಉಳಿಯಲಿಲ್ಲ. ಮೃತಳ ಬಟ್ಟೆಬರೆ ಮುಂತಾದ ವಸ್ತುಗಳನ್ನು ಮೊದಲೇ ನಾಶಪಡಿಸಿಬಿಟ್ಟಿದ್ದರು. ಆದ್ದರಿಂದ ವಿಚಾರಣೆಯು ಹೆಚ್ಚಾಗಿ ಮನುಷ್ಯರ ಬಾಯಿಮಾತನ್ನೇ ನೆಚ್ಚಬೇಕಾಯಿತು. ಮುಖ್ಯ ಸಾಕ್ಷಿ ಒಬ್ಬ ಕಳ್ಳ! ಕಾನ್ವೆಂಟಿನ ಮಾಳಿಗೆಯ ಮೇಲಿದ್ದ ಸಿಡಿಲು ವಾಹಕದ ತಾಮ್ರವನ್ನು ಕದಿಯಲು ಆ ರಾತ್ರಿ ಹೋಗಿದ್ದವನು ತಾನು ಕಂಡದ್ದನ್ನು ಹೇಳಿದನು. ಇಪ್ಪತ್ತೆಂಟು ವರ್ಷಗಳ ತನಕ ಆ ಮಾತನ್ನು ಬದಲಿಸಲಿಲ್ಲ. 2020ರ ಡಿಸೆಂಬರ್‌ನಲ್ಲಿ ತಿರುವನಂತಪುರದ ಸಿ.ಬಿ.ಐ. ನ್ಯಾಯಾಲಯ ಒಬ್ಬ ಪಾದ್ರಿಗೂ ಆ ಸನ್ಯಾಸಿನಿಗೂ ಜೀವಾವಧಿ ಶಿಕ್ಷೆ ವಿಧಿಸಿತು. ಮಗಳ ಸಾವಿಗೆ ನ್ಯಾಯ ಬೇಡುತ್ತಿದ್ದ ತಂದೆತಾಯಿಗಳಿಬ್ಬರೂ 2016ರಲ್ಲೇ ತೀರಿಕೊಂಡಿದ್ದರು. 2022ರಲ್ಲಿ ಕೇರಳ ಉಚ್ಚ ನ್ಯಾಯಾಲಯ ಶಿಕ್ಷೆಯನ್ನು ಅಮಾನತಿನಲ್ಲಿಟ್ಟು ಅಪರಾಧಿಗಳಿಗೆ ಜಾಮೀನು ನೀಡಿತು. ವಸ್ತುಸಾಕ್ಷ್ಯ ಕೆಟ್ಟುಹೋದ ಮೊಕದ್ದಮೆಯಲ್ಲಿ ತೀರ್ಪು ಬಂದ ಮೇಲೂ ಸಂಶಯ ಪೂರ್ತಿ ತೀರುವುದಿಲ್ಲವೆಂಬುದಕ್ಕೆ ಇದೇ ದೃಷ್ಟಾಂತ.

ಈ ಪ್ರಕರಣಕ್ಕೂ ನಮ್ಮ ರಾಜ್ಯಕ್ಕೂ ಒಂದು ಸಂಬಂಧವುಂಟು. ಶಂಕಿತರಿಗೆ ಔಷಧ ಕೊಟ್ಟು ಮಂಪರಿನಲ್ಲಿ ಪ್ರಶ್ನೆ ಕೇಳುವ ನಾರ್ಕೋ ಪರೀಕ್ಷೆ ನಡೆದದ್ದು ಬೆಂಗಳೂರಿನಲ್ಲಿ. ಇಂತಹ ಪರೀಕ್ಷೆಗಳನ್ನು ವ್ಯಕ್ತಿಯ ಒಪ್ಪಿಗೆಯಿಲ್ಲದೆ ಮಾಡುವುದು ಸಂವಿಧಾನಬಾಹಿರವೆಂದು ಸರ್ವೋಚ್ಚ ನ್ಯಾಯಾಲಯವು 2010ರ ಮೇ 5ರಂದು ತೀರ್ಮಾನಿಸಿತು. ಆ ಮೊಕದ್ದಮೆಯ ಹೆಸರೇ 'ಸೆಲ್ವಿ ಮತ್ತು ಕರ್ನಾಟಕ ರಾಜ್ಯ'. ಮನುಷ್ಯನ ತಲೆಯೊಳಗಿನಿಂದ ಸತ್ಯವನ್ನು ಬಲವಂತವಾಗಿ ಹೊರಗೆಳೆಯುವ ಅಡ್ಡದಾರಿ ಇದರಿಂದ ಮುಚ್ಚಿತು. ಉಳಿದದ್ದು ಹಳೆಯ ದಾರಿಯೇ: ವಸ್ತು, ಕಾಗದ, ಸಾಕ್ಷಿ.

ತೆರೆಯುವುದರಲ್ಲಿನ ಅಪಾಯ

ಕಡತ ತೆರೆದವರೆಲ್ಲರೂ ಸತ್ಯವನ್ನೇ ಕಂಡರೆಂದು ಭಾವಿಸಬಾರದು. ಸ್ವೀಡನ್ ದೇಶದ ಪ್ರಧಾನಿ ಊಲೋಫ್ ಪಾಲ್ಮೆಯವರನ್ನು 1986ರ ಫೆಬ್ರವರಿ 28ರ ರಾತ್ರಿ ಸ್ಟಾಕ್‌ಹೋಮ್‌ನ ಬೀದಿಯಲ್ಲಿ ಗುಂಡಿಟ್ಟು ಕೊಂದರು. ಮೊದಲು ಒಬ್ಬನಿಗೆ 1989ರಲ್ಲಿ ಶಿಕ್ಷೆಯಾಗಿ, ಅದೇ ವರ್ಷ ಮೇಲ್ಮನವಿಯಲ್ಲಿ ಬಿಡುಗಡೆಯಾಯಿತು. 2020ರ ಜೂನ್‌ನಲ್ಲಿ ಸರ್ಕಾರಿ ವಕೀಲರು ಬೇರೊಬ್ಬನ ಹೆಸರು ಹೇಳಿ, ಅವನು 2000ದಲ್ಲೇ ಸತ್ತಿರುವುದರಿಂದ ಮೊಕದ್ದಮೆ ಹೂಡಲಾಗದೆಂದು ತನಿಖೆಯನ್ನು ನಿಲ್ಲಿಸಿದರು. ಕೊಲೆಯ ಪಿಸ್ತೂಲು ಆ ವೇಳೆಗೂ ಸಿಕ್ಕಿರಲಿಲ್ಲ. ಸತ್ತವನು ಕಟಕಟೆಯಲ್ಲಿ ನಿಂತು ಉತ್ತರ ಹೇಳಲಾರ, ವಕೀಲರನ್ನಿಟ್ಟು ವಾದಿಸಲಾರ. ಅಂತಹವನ ಮೇಲೆ ಕೊಲೆಯ ಹೆಸರು ಹೊರಿಸಿ ಕಡತ ಕಟ್ಟಿಡುವುದು ನ್ಯಾಯವೆನಿಸದು. ಬಗೆಹರಿಯದ ಪ್ರಶ್ನೆಯನ್ನು ಬಗೆಹರಿಯದೆಯೇ ಇಟ್ಟುಕೊಳ್ಳುವ ಧೈರ್ಯವೂ ತನಿಖೆಗಾರನಿಗೆ ಬೇಕು.

ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ಎವರ್ಸ್ ಪ್ರಕರಣದಲ್ಲಿ ಕೀರ್ತಿ ಗಳಿಸಿ, ಮುಂದೆ ನ್ಯಾಯಾಧೀಶರೂ ಆದ ಡಿಲಾಟರ್ ಅವರು, 2009ರಲ್ಲಿ ಬೇರೊಂದು ವಿಷಯದಲ್ಲಿ ನ್ಯಾಯಕ್ಕೆ ಅಡ್ಡಿಪಡಿಸಿದ ಅಪರಾಧವನ್ನು ಒಪ್ಪಿಕೊಂಡು ಹದಿನೆಂಟು ತಿಂಗಳ ಶಿಕ್ಷೆಗೆ ಗುರಿಯಾದರು. ಇದನ್ನು ಮೊದಲು ಓದಿದಾಗ ನನ್ನ ಮನಸ್ಸಿಗೆ ಬಹಳ ಬೇಸರವಾಯಿತು. ಆದರೆ ವಿಚಾರಮಾಡಿದರೆ 1994ರ ತೀರ್ಪಿಗೆ ಇದರಿಂದ ಕುಂದಿಲ್ಲ. ಆ ತೀರ್ಪು ನಿಂತಿದ್ದುದು ಅವರ ಸದ್ಗುಣದ ಮೇಲಲ್ಲ. ಬೆರಳಚ್ಚಿನ ಮೇಲೆ, ರೈಫಲಿನ ಮೇಲೆ, ಮರ್ಲಿ ಎವರ್ಸ್ ಅವರ ನಡವಳಿಯ ಪ್ರತಿಯ ಮೇಲೆ. ವೀರರನ್ನು ನೆಚ್ಚಿದ ನ್ಯಾಯ ವೀರರೊಡನೆ ಬೀಳುತ್ತದೆ; ದಾಖಲೆಯನ್ನು ನೆಚ್ಚಿದ್ದು ಹಾಗೆ ಬೀಳುವುದಿಲ್ಲ.

ಉಪಸಂಹಾರ

ಮೊದಲು ಕೇಳಿದ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಮುಚ್ಚಿದ ಕಡತವನ್ನು ತೆರೆದವರು ಹಿಂದಿನವರಿಗಿಂತ ಹೆಚ್ಚು ಬುದ್ಧಿವಂತರಾಗಿರಲಿಲ್ಲ. ಅವರ ಕೆಲಸ ಇತಿಹಾಸಕಾರನ ಕೆಲಸವನ್ನೇ ಹೋಲುತ್ತದೆ: ಉಳಿದುಬಂದ ಆಧಾರಗಳನ್ನು ಮತ್ತೆ ಓದುವುದು, ಯಾರು ಯಾವ ಕಾರಣಕ್ಕೆ ಸುಳ್ಳು ಹೇಳಿರಬಹುದೆಂದು ತೂಗಿ ನೋಡುವುದು, ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದೇ ಬಿಡುವುದು. ಅವರಿಗೆ ಓದಲು ಏನಾದರೂ ಉಳಿದಿತ್ತೆಂದರೆ ಆ ಪುಣ್ಯ ಹೆಸರಿಲ್ಲದ ಬೇರೆ ಯಾರಿಗೋ ಸೇರಿದ್ದು.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ನಮ್ಮ ಅಜ್ಜಿಯ ತಗಡಿನ ಪೆಟ್ಟಿಗೆಯಲ್ಲಿ ಜಮೀನಿನ ಹಳೆಯ ಪತ್ರ, ಕಂದಾಯದ ರಸೀದಿಗಳು, ತಾತನ ಹೆಸರಿನ ಒಂದು ನೋಟೀಸು ಇವೆ. ಅಜ್ಜಿಗೆ ಓದು ಬಾರದು. ಆದರೆ ಮಳೆಗಾಲ ಮುಗಿದೊಡನೆ ಅವುಗಳನ್ನು ಬಿಸಿಲಿಗೆ ಹರಡಿ, ನುಸಿ ಹಿಡಿಯದಂತ� ಬೇವಿನೆಲೆ ಹಾಕಿ ಮತ್ತೆ ಕಟ್ಟಿಡುತ್ತಾರೆ. ಮುಂದೆ ಎಂದೋ ಒಬ್ಬರು ಓದಬಲ್ಲವರು ಹುಟ್ಟುತ್ತಾರೆಂಬ ನಂಬಿಕೆ ಇಲ್ಲದಿದ್ದರೆ ಯಾರೂ ಹೀಗೆ ಕಾಯುವುದಿಲ್ಲ. ಮರ್ಲಿ ಎವರ್ಸ್ ಅವರ ಕಥೆಯನ್ನು ಓದುವಾಗ ಅದು ನನಗೆ ಅಷ್ಟು ದೂರದ ಕಥೆಯೆನಿಸಲಿಲ್ಲ.

ಈ ತರಗತಿಯಿಂದ ಹೊರಬೀಳುವ ನಮ್ಮಲ್ಲಿ ಪತ್ತೇದಾರರಾಗುವವರು ಯಾರೂ ಇಲ್ಲದಿರಬಹುದು. ಆದರೆ ಎಷ್ಟೋ ಮಂದಿ ಲೋಕಸೇವಾ ಆಯೋಗದ ಪರೀಕ್ಷೆಗಳಿಗೆ ಸಿದ್ಧರಾಗುತ್ತಿದ್ದೇವೆ. ಕೆಲವರು ಪ್ರಥಮ ದರ್ಜೆ, ದ್ವಿತೀಯ ದರ್ಜೆ ಸಹಾಯಕರಾಗಿ ಕಚೇರಿಗಳನ್ನು ಸೇರುತ್ತೇವೆ. ಕೆಲವರು ಠಾಣೆಗಳಲ್ಲಿ, ನ್ಯಾಯಾಲಯಗಳಲ್ಲಿ, ಆಸ್ಪತ್ರೆಗಳಲ್ಲಿ ದಾಖಲೆ ಬರೆಯುವವರಾಗುತ್ತೇವೆ. ಮಹಜರಿನಲ್ಲಿ ದಿನಾಂಕವನ್ನು ಸರಿಯಾಗಿ ಬರೆಯುವುದು, ಪೊಟ್ಟಣಕ್ಕೆ ಮುದ್ರೆಯನ್ನು ಸರಿಯಾಗಿ ಒತ್ತುವುದು, ಹಳೆಯ ಕಟ್ಟನ್ನು ರದ್ದಿಗೆ ಹಾಕುವ ಮೊದಲು ಒಮ್ಮೆ ಬಿಚ್ಚಿ ನೋಡುವುದು — ಇವುಗಳಿಗೆ ಯಾರೂ ಹಾರ ಹಾಕುವುದಿಲ್ಲ. ಆದರೂ ಯಾವ ಮನೆಯವರೋ ತಮ್ಮವರ ಸಾವಿಗೆ ಕಾರಣ ಕೇಳುತ್ತ ಮೂವತ್ತು ವರ್ಷಗಳ ಮೇಲೆ ಆ ಬಾಗಿಲಿಗೆ ಬಂದರೆ, ಅವರಿಗೆ ಕೊಡಲು ಏನಾದರೂ ಇರಬೇಕು. ಅದು ಇರುವಂತೆ ನೋಡಿಕೊಳ್ಳುವ ಕೆಲಸ ಇನ್ನು ಮೇಲೆ ನಮ್ಮ ಕೈಗೆ ಬರುತ್ತದೆ.